ಪಲ್ಪರ್ ಮನೆಯಲ್ಲಿ ಬೀಳುತ್ತಿದ್ದ ಸ್ವಿಚ್ಚು

ಹಾನುಬಾಳಿನ ಸುತ್ತಮುತ್ತ ಯಾರ ಮನೆಗಾದರೂ ವೈರ್‌ಮನ್ ತೋಟಪ್ಪ ಬಂದನೆಂದರೆ ಮೊದಲು ಆಗುವುದು ಕತ್ತಲೆ. ಒಂದು ಬಲ್ಬು ಬದಲಿಸಲು ಕರೆದರೂ ಆತ ಮೇನ್ ಇಳಿಸುತ್ತಾನೆ, ಫ್ಯೂಸು ಕಿತ್ತು ಜೇಬಿಗೆ ಹಾಕುತ್ತಾನೆ, ಟೆಸ್ಟರ್ ಮುಟ್ಟಿಸಿ ನೋಡುತ್ತಾನೆ, ಆಮೇಲೆ ಆ ಟೆಸ್ಟರನ್ನೂ ನಂಬದೆ ಇನ್ನೊಂದು ಟೆಸ್ಟರ್ ತೆಗೆಯುತ್ತಾನೆ. ರಬ್ಬರ್ ಚಪ್ಪಲಿ ಬಿಡುವುದಿಲ್ಲ. ದೇವರ ಮನೆಯೊಳಗಿನ ಬಲ್ಬು ಹೋಗಿದ್ದರೆ ಮಾತ್ರ ಒಣ ಹಲಗೆ ತರಿಸಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಶಿವನಿಗೆ ತೋರಿಸಿದಷ್ಟೇ ಭಕ್ತಿಯನ್ನು ಹೋಲ್ಡರಿಗೂ ತೋರಿಸುತ್ತಾನೆ. ಒಮ್ಮೆ ಗೃಹಪ್ರವೇಶದ ಮನೆಯ ಫ್ಯೂಸು ಜೇಬಿನಲ್ಲಿರುವಾಗಲೇ ತನ್ನೂರು ಪಾಳ್ಯದ ಬಸ್ಸು ಹತ್ತಿಬಿಟ್ಟಿದ್ದ. ಅಯ್ನೋರು ಮೊಬೈಲ್ ಬೆಳಕಿನಲ್ಲಿ ಪೂಜೆ ಮುಗಿಸಬೇಕಾಯಿತು. ಮರುದಿನ ಫ್ಯೂಸು ಹಿಡಿದು ಬಂದವನನ್ನು ಮನೆಯವರು ಬೈದರೆ, ಪೂಜೆಗೆ ಬೇಕಾದದ್ದು ದೀಪ, ಬಲ್ಬಲ್ಲವಲ್ಲ ಎಂದು ತಿರುಗಿ ವಾದಿಸಿದ.

ಇಂಥವನಿಗೆ ಕೆಲಸ ಯಾರು ಕೊಡುತ್ತಾರೆ ಎಂದು ಹೊರಗಿನವರು ಕೇಳಬಹುದು. ಕೊಡುತ್ತಾರೆ. ಬೈಯುತ್ತಲೇ ಕರೆಯುತ್ತಾರೆ. ಅಗ್ಗದ ವೈರು ತಂದಿಟ್ಟು ಇದನ್ನೇ ಹಾಕು ಎಂದರೆ ಆತ ತುದಿ ಸುಲಿದು, ಒಳಗಿನ ಎಳೆಗಳನ್ನು ಬೆರಳಲ್ಲಿ ಹೊಸೆದು, ಮಾಲೀಕನ ಮುಖ ನೋಡುತ್ತಾನೆ. ಆ ನೋಟಕ್ಕೆ ಅರ್ಧ ಜನ ಅಂಗಡಿಗೆ ವಾಪಸು ಹೋಗಿ ಒಳ್ಳೆಯ ವೈರು ತರುತ್ತಾರೆ. ಉಳಿದರ್ಧ ಜನ ಬೇರೆ ವೈರ್‌ಮನ್‌ನನ್ನು ತರುತ್ತಾರೆ.

ಹುಟ್ಟಿದ್ದು ಆಲೂರು ಕಡೆಯ ಪಾಳ್ಯದಲ್ಲಿ, ರಾಗಿ ಭತ್ತದ ಮನೆ. ಹಾಸನದಲ್ಲಿ ಐಟಿಐ ಓದಿ, ಸಕಲೇಶಪುರದಲ್ಲಿ ಒಬ್ಬರ ಕೈಕೆಳಗೆ ಕೆಲಸ ಕಲಿತು, ಹೆಂಡತಿ ಶಿವಲೀಲಾಳ ತವರು ಹತ್ತಿರವೆಂದು ಹಾನುಬಾಳಿನಲ್ಲಿ ಬಾಡಿಗೆ ಮನೆ ಹಿಡಿದವನು ಅಲ್ಲೇ ಉಳಿದ. ಹಣೆಗೆ ಮೂರೆಳೆ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ. ಯಾವ ಕರೆಂಟು ಬಾಕ್ಸಿನ ಬಾಗಿಲು ತೆರೆಯುವ ಮೊದಲೂ ಕರಡಿಗೆಯನ್ನು ಎದೆಯಿಂದ ಬೆನ್ನಿಗೆ ತಿರುಗಿಸಿ, ಅಂಗಿಯ ಕಾಲರಿನೊಳಗೆ ಸಿಕ್ಕಿಸುತ್ತಾನೆ. ಬೆಳ್ಳಿ ತೂಗಾಡಿ ತಂತಿಗೆ ತಾಗಬಾರದು ಎಂಬುದು ಒಂದು ಕಾರಣ. ದೇವರನ್ನು ಅಪಾಯದ ಎದುರಿಗೆ ಒಡ್ಡಬಾರದು ಎಂಬುದು ಆತ ಹೇಳುವ ಕಾರಣ.

ಕರೆಂಟಿಗೆ ಹೆದರುವಂತೆಯೇ ದೆವ್ವಕ್ಕೂ ಹೆದರುತ್ತಿದ್ದ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಸ್ಮಶಾನದ ಪಕ್ಕದ ದಾರಿಯಲ್ಲಿ ಹಗಲು ಹೊತ್ತಿನಲ್ಲೂ ಬೈಕಿನ ಹಾರ್ನ್ ಒತ್ತುತ್ತ ಹೋಗುತ್ತಿದ್ದ. ದೆವ್ವಕ್ಕೆ ಹೆದರುವ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ, ಗೋಡೆಗೆ ಹೆದರುವವನನ್ನು ಮದುವೆಯಾದ ಮೇಲೇ ನೋಡಿದ್ದು ಎಂದು ಶಿವಲೀಲಾ ನೆಂಟರ ಮುಂದೆ ಹೇಳುತ್ತಿದ್ದಳು. ಎರಡು ಹೆದರಿಕೆಗಳೂ ಒಂದೇ ಬಾಕ್ಸಿನೊಳಗೆ ಸೇರಿಕೊಂಡದ್ದು ಜೇನುಗದ್ದೆ ಎಸ್ಟೇಟಿನ ಪಲ್ಪರ್ ಮನೆಯಲ್ಲಿ.

ಪಲ್ಪರ್ ಮನೆಯೆಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಶೆಡ್ಡು. ಯಂತ್ರ ನೋಡಿಕೊಳ್ಳುತ್ತಿದ್ದವನು ಕುಳ್ಳಯ್ಯ. ಹೆಸರಿಗೆ ಕುಳ್ಳ, ಆಳು ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಎತ್ತರ. ಆ ಎತ್ತರದಿಂದಲೇ ಸತ್ತ. ಜನರೇಟರ್ ಕೋಣೆಯಿಂದ, ಕರೆಂಟನ್ನು ಕವಲು ಹಂಚುವ ಡಿಬಿ ಬಾಕ್ಸಿನವರೆಗೆ ಕೇಬಲ್ ತರಲು ಗೋಡೆಗುಂಟ ಎತ್ತರದಲ್ಲಿ ತಗಡಿನ ತಟ್ಟೆಯೊಂದನ್ನು ಹಾಯಿಸಿದ್ದರು. ಕೇಬಲ್ ಟ್ರೇ ಎಂದು ಅದರ ಹೆಸರು. ಆದರೆ ಲೈನಿನ ಕೂಲಿಮನೆಗಳವರ ಬಾಯಲ್ಲಿ ಅದು ಅಟ್ಟ. ಅಟ್ಟ ಎಂದ ಮೇಲೆ ಸಾಮಾನು ಇಡದೆ ಇರುವುದುಂಟೇ. ಕಂಬಳಿ, ಕತ್ತಿ, ಊಟದ ಡಬ್ಬಿ, ಎಲೆ ಅಡಿಕೆ ಚೀಲ ಎಲ್ಲವೂ ಕೇಬಲ್ಲಿನ ಮೇಲೇ. ನೆಲದಲ್ಲಿಟ್ಟರೆ ಹಣ್ಣಿನ ರಸದಲ್ಲಿ ನೆನೆಯುತ್ತದೆ, ಮೇಲೆ ಒಣಗಿರುತ್ತದೆ ಎಂಬುದು ಅವರ ಲೆಕ್ಕ. ತಟ್ಟೆ ಹಾಕಿದ ಪುಣ್ಯಾತ್ಮ ಯಾರೋ ಹೊರಗಿನ ಕಂಟ್ರಾಕ್ಟರು. ತಗಡನ್ನು ಗರಗಸದಲ್ಲಿ ಕತ್ತರಿಸಿದವನು ಅಂಚನ್ನು ಅರದಲ್ಲಿ ಉಜ್ಜಲಿಲ್ಲ, ಅರ್ತ್ ತಂತಿ ಕಟ್ಟಲಿಲ್ಲ. ಸಾಮಾನಿನ ಭಾರಕ್ಕೆ ಕೇಬಲ್ಲು ಆ ಅಂಚಿನ ಮೇಲೆ ಒತ್ತಿ ಒತ್ತಿ, ಯಂತ್ರದ ನಡುಕಕ್ಕೆ ಉಜ್ಜಿ ಉಜ್ಜಿ, ಸಿಪ್ಪೆ ಬಿಟ್ಟುಕೊಂಡಿತ್ತು. ಹೋದ ವರ್ಷದ ಕೊಯ್ಲಿನಲ್ಲಿ ಒಂದು ಸಂಜೆ ಕುಳ್ಳಯ್ಯ ರಸದಲ್ಲಿ ನೆಂದ ಕೈಯನ್ನು ಎಲೆ ಅಡಿಕೆ ಚೀಲಕ್ಕೆಂದು ಮೇಲೆ ಚಾಚಿದ. ಕೈ ಇಳಿಯಲಿಲ್ಲ.

ಎದೆನೋವು ಎಂದು ಎಸ್ಟೇಟಿನವರು ಹೇಳಿದರು. ಹೆಂಡತಿ ಮಾರಮ್ಮ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ರಿಪೇರಿಗೆ ತೋಟಪ್ಪನಿಗೆ ಕರೆ ಹೋಯಿತು. ಆತ ತಟ್ಟೆಯ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿದ, ಅಂಚು ಉಜ್ಜಿದ, ಸುಲಿದ ಕೇಬಲ್ ಬದಲಿಸಿದ, ತಟ್ಟೆಯ ಒಂದೊಂದು ಜೋಡಣೆಗೂ ಅರ್ತ್ ಕಟ್ಟಿದ. ಬಾಕ್ಸಿನೊಳಗೆ ಹೊಸ ಟ್ರಿಪ್ಪರ್ ಕೂರಿಸಿದ. ಕರೆಂಟು ದಾರಿ ತಪ್ಪಿ ಚೂರು ಸೋರಿದರೂ ಟಕ್ಕೆಂದು ತಾನೇ ಬೀಳುವ ಸ್ವಿಚ್ಚು ಅದು. ಇನ್ನು ಯಾರೂ ಏನನ್ನೂ ಮೇಲೆ ಇಡಬಾರದು ಎಂದು ಎಲ್ಲರಿಗೂ ಹೇಳಿದ. ಇಷ್ಟೆಲ್ಲ ಮಾಡಿದವನು ಒಂದು ಕಡೆ ಸೋತ. ಕೇಬಲ್ಲುಗಳು ಬಾಕ್ಸಿನ ನೆತ್ತಿಯಲ್ಲಿ ಒಂದು ತೂತಿನಿಂದ ಇಳಿಯುತ್ತಿದ್ದವು. ಆ ತೂತಿಗೆ, ಕೇಬಲ್ಲನ್ನು ಬಿಗಿಹಿಡಿದು ನೀರು ತಡೆಯುವ ಬಿರಡೆ, ಗ್ಲ್ಯಾಂಡ್ ಹಾಕಬೇಕು, ಸರಿಯಾಗಿ ಹೇಳಬೇಕೆಂದರೆ ಬಾಕ್ಸಿಗೆ ಕೇಬಲ್ ಕೆಳಗಿನಿಂದಲೇ ಹೋಗಬೇಕು, ನೀರು ಹಿಂಬಾಲಿಸಿ ಹತ್ತಲಾರದು. ಆ ಅಳತೆಯ ಗ್ಲ್ಯಾಂಡ್ ಹಾನುಬಾಳಿನಲ್ಲಿ ಸಿಗಲಿಲ್ಲ. ಸದ್ಯಕ್ಕೆ ಇರಲಿ ಎಂದು ಕೈಗೆ ಸಿಕ್ಕ ಹಳೆ ಬಟ್ಟೆಯನ್ನು ಹರಿದು ತೂತಿಗೆ ತುರುಕಿದ. ಸದ್ಯಕ್ಕೆ ಎಂಬ ಮಾತಿಗೆ ಈ ಘಟ್ಟದಲ್ಲಿ ಬಹಳ ಆಯುಸ್ಸು.

ಮಳೆಗಾಲ ಕಳೆದು ಕಾರ್ತಿಕ ಬಂದಾಗ ಸ್ವಿಚ್ಚು ಬೀಳತೊಡಗಿತು.

ದಿನವೂ ಅಲ್ಲ. ಒಂದು ವಾರ ಸುಮ್ಮನಿರುತ್ತದೆ, ಆಮೇಲೆ ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಟಕ್. ಲೈನಿನ ಸಾಲುಮನೆಗಳಿಗೂ ಅದೇ ಬಾಕ್ಸಿನಿಂದ ಕರೆಂಟು, ಅವೂ ಕತ್ತಲಾಗುತ್ತವೆ. ಯಾರಾದರೂ ಹೋಗಿ ಎತ್ತಿದರೆ ಮತ್ತೆ ಬೀಳುತ್ತದೆ. ಬೆಳಿಗ್ಗೆ ಎತ್ತಿದರೆ ಏನೂ ಆಗಿಲ್ಲವೆಂಬಂತೆ ನಿಲ್ಲುತ್ತದೆ. ಕುಳ್ಳಯ್ಯ ಎಲೆ ಅಡಿಕೆ ಚೀಲಕ್ಕೆ ಬರುತ್ತಿದ್ದಾನೆ ಎಂದು ಮೊದಲು ಹೇಳಿದವಳು ಪಕ್ಕದ ಮನೆಯ ಗಂಗಾಮಣಿ. ಎರಡನೆಯವರು ಹೇಳುವ ಹೊತ್ತಿಗೆ ಆತ ಕೆಮ್ಮಿದ್ದು ಕೇಳಿತ್ತು. ಮೂರನೆಯವರಿಗೆ ನೆರಳೂ ಕಂಡಿತು.

ರೈಟರ್ ದೇವೀರಪ್ಪ ತೋಟಪ್ಪನನ್ನು ಕರೆಸಿದ. ದೇವೀರಪ್ಪ ಎಸ್ಟೇಟಿನ ಲೆಕ್ಕ, ಆಳು, ಸ್ಟೋರು ಎಲ್ಲ ನೋಡುವ ಮನುಷ್ಯ, ತೂಕದ ಕಲ್ಲನ್ನೂ ಒಮ್ಮೆ ತೂಗಿಯೇ ನಂಬುವವನು. ತೋಟಪ್ಪ ಬೆಳಿಗ್ಗೆ ಬಂದು ಸೋರಿಕೆ ಅಳೆಯುವ ಮೆಗ್ಗರ್ ಹಚ್ಚಿ ಒಂದೊಂದು ಕೇಬಲ್ಲನ್ನೂ ಪರೀಕ್ಷಿಸಿದ. ಎಲ್ಲವೂ ಸರಿ. ಇನ್ನೊಂದು ಸಲ ಬಂದ, ಮೋಟರು ಬಿಚ್ಚಿ ನೋಡಿದ. ಸರಿ. ಲೈನಿನ ಪ್ರತಿ ಮನೆಯ ಹೋಲ್ಡರ್ ನೋಡಿದ. ಎಲ್ಲವೂ ಕೆಟ್ಟಿದ್ದವು, ಆದರೆ ಇದಕ್ಕೆ ಕಾರಣವಾಗುವಷ್ಟು ಕೆಟ್ಟಿರಲಿಲ್ಲ. ಹೋಗುವಾಗ ಪ್ರತಿ ಸಲವೂ ಪಲ್ಪರ್ ಮನೆಯ ಬಾಗಿಲಿಗೆ ಬೆನ್ನು ಹಾಕದೆ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಬಂದದ್ದನ್ನು ಲೈನಿನ ಹೆಂಗಸರು ನೋಡಿದರು. ವೈರ್‌ಮನ್ನೇ ಹೆದರಿದ ಮೇಲೆ ಉಳಿದವರಿಗೆ ಅನುಮಾನವೇ ಇರಲಿಲ್ಲ.

ಕೊಯ್ಲು ಹತ್ತಿರವಾಗಿತ್ತು. ಹಣ್ಣು ಬಂದ ದಿನವೇ ಸಿಪ್ಪೆ ಬಿಡಿಸಬೇಕು, ಸಂಜೆ ಸ್ವಿಚ್ಚು ಬಿದ್ದರೆ ಬೆಳಗಾಗುವಷ್ಟರಲ್ಲಿ ರಾಶಿ ಹುಳಿ. ಸಂಜೆಯಾದ ಮೇಲೆ ಒಳಗೆ ಕಾಲಿಡುವುದಿಲ್ಲ ಎಂದು ಆಳುಗಳು ಆಗಲೇ ಹೇಳಿದ್ದರು. ದೇವೀರಪ್ಪ ಎರಡು ಉಪಾಯ ಮಾಡಿದ. ಟ್ರಿಪ್ಪರನ್ನು ಬಿಟ್ಟು ಕರೆಂಟನ್ನು ಡೈರೆಕ್ಟ್ ಕೊಡುವುದು ಒಂದು. ಮಂತ್ರವಾದಿಯನ್ನು ಕರೆಸಿ ಅಮಾವಾಸ್ಯೆಯ ದಿನ ಕುಳ್ಳಯ್ಯನನ್ನು ಹಲಸಿನ ಮರಕ್ಕೆ ಮೊಳೆ ಹೊಡೆದು ಕಟ್ಟುವುದು ಇನ್ನೊಂದು. ದೆವ್ವವನ್ನು ಆತ ನಂಬುತ್ತಿದ್ದನೆಂದಲ್ಲ. ಎರಡು ಕಡೆಯಿಂದಲೂ ಬಾಗಿಲು ಹಾಕಿದರೆ ಭದ್ರ ಎಂಬ ಎಣಿಕೆ. ಮೊದಲ ಏಟು ಸತ್ತವನ ಹೆಂಡತಿಯೇ ಹೊಡೆಯಬೇಕು, ಇಲ್ಲದಿದ್ದರೆ ಕಟ್ಟು ನಿಲ್ಲದು ಎಂದು ಮಂತ್ರವಾದಿ ಹೇಳಿ ಕಳಿಸಿದ. ಮಾರಮ್ಮ ಆಗುವುದಿಲ್ಲ ಎಂದಳು. ಹಾಗಾದರೆ ಮನೆ ಬಿಟ್ಟು ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗು ಎಂದರು ಲೈನಿನವರು.

ಡೈರೆಕ್ಟ್ ಕೊಡು ಎಂಬ ಮಾತು ಕೇಳಿದಾಗ ತೋಟಪ್ಪನಿಗೆ ದೆವ್ವದ ಹೆದರಿಕೆಗಿಂತ ಇದು ದೊಡ್ಡದೆನಿಸಿತು. ಸ್ವಿಚ್ಚು ಬೀಳುವುದು ಎಲ್ಲೋ ಸೋರುತ್ತಿದೆ ಎಂದು ಹೇಳಲಿಕ್ಕೆ. ಹೇಳುವವನ ಬಾಯಿ ಕಟ್ಟಿದರೆ ಸೋರುವುದು ನಿಲ್ಲುತ್ತದೆಯೇ. ಅಮಾವಾಸ್ಯೆಗೆ ಮುಂಚೆ ಒಂದು ಸಂಜೆ ತಾನೇ ಒಳಗೆ ಕೂತು ನೋಡುತ್ತೇನೆ ಎಂದುಬಿಟ್ಟ. ಹೇಳಿದ ಮೇಲೆ ತನ್ನ ಬಾಯಿಯನ್ನು ತಾನೇ ಬೈದುಕೊಂಡ. ಶಿವಲೀಲಾ ನಗಲಿಲ್ಲ. ವಿಭೂತಿ ಗಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿ ಕಳಿಸಿದಳು.

ಹೊತ್ತು ಮುಳುಗುವಾಗ ಆತ ಪಲ್ಪರಿನ ಹಿಂದೆ, ಖಾಲಿ ಚೀಲಗಳ ರಾಶಿಯ ಮೇಲೆ ಕೂತಿದ್ದ. ಹೋದ ವರ್ಷದ ಹಣ್ಣಿನ ಹುಳಿವಾಸನೆ ಸಿಮೆಂಟಿನಲ್ಲಿ ಇನ್ನೂ ಇತ್ತು. ಕಾಲುವೆಯ ಒಣಗಿದ ಬಾಯಿಯಿಂದ ಗಾಳಿ ಬಂದಾಗಲೆಲ್ಲ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ಒಂದೇ ಬಲ್ಬು, ಮಂಕು. ಅದರ ಬೆಳಕಿನಲ್ಲಿ ಗೋಡೆಗುಂಟ ತಟ್ಟೆಯ ನೆರಳು ಉದ್ದಕ್ಕೂ ಚಾಚಿತ್ತು, ನೆರಳಿನ ನಡುವೆ ಒಂದು ಕಡೆ ಮಾತ್ರ ದಪ್ಪ. ಅಲ್ಲಿ ಏನೂ ಇರಲಿಲ್ಲ, ಆತ ಬೆಳಿಗ್ಗೆಯೇ ನೋಡಿದ್ದ. ಕುಳ್ಳಯ್ಯನ ಕೈ ಹಿಡಿದ ಜಾಗ ಅದು. ಡಿಬಿ ಬಾಕ್ಸು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಎಲ್ಲ ಬಾಕ್ಸುಗಳೂ ಎನ್ನುತ್ತವೆ. ಬದುಕಿಡೀ ಅದನ್ನೇ ಕೇಳಿದವನಿಗೆ ಅಂದು ಆ ಗುಂಯ್‌ನ ನಡುವೆ ಒಂದು ಮಾತು ಶುರುವಾಗಿ ನಿಂತು ಹೋಗುತ್ತಿರುವಂತೆ ಕೇಳಿತು.

ಬಾಗಿಲು ಸರಿಯಿತು. ಯಾರೋ ಒಳಗೆ ಬಂದರು. ಚಪ್ಪಲಿಯ ಸದ್ದಿಲ್ಲ. ಮರದ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಎಳೆದ ಸದ್ದು, ಅದರ ಮೇಲೆ ಹತ್ತಿದ ಸದ್ದು. ಆಮೇಲೆ ಹೆಂಗಸಿನ ದನಿ, ಪಕ್ಕದಲ್ಲಿ ಕೂತವನ ಜೊತೆ ಮಾತಾಡುವಷ್ಟೇ ಮೆಲ್ಲಗೆ.

"ಕೇಳುಸ್ತಾ ಐತಾ? ಮೊಳೆ ಹೊಡಿ ಅಂತವ್ರೆ ನಿಮ್ಗೆ. ಹೊಡೀಲಾ, ಇಲ್ಲ ಮನೆ ಬುಟ್ಟು ಹೋಗ್ಲಾ?"

ತಟ್ಟೆಯ ಮೇಲೆ ಏನೋ ಹೊಯ್ದ ಸದ್ದಾಯಿತು. ಆಮೇಲೆ ಸದ್ದಿಲ್ಲ. ಎಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟು ಹೊತ್ತು ಸದ್ದಿಲ್ಲ. ತೋಟಪ್ಪನಿಗೆ ಗಂಟಲು ಕಡಿಯತೊಡಗಿತು. ಕೆಮ್ಮುವಂತಿರಲಿಲ್ಲ. ಕೆಮ್ಮಿದರೆ ಗಂಡನೇ ಕೆಮ್ಮಿದ ಎಂದುಕೊಂಡಾಳು, ಅಥವಾ ತಾನು ಕೆಮ್ಮಿದ ಮೇಲೆ ಇನ್ನೊಬ್ಬ ಕೆಮ್ಮಿಯಾನು.

ಟಕ್.

ಬಲ್ಬು ಹೋಯಿತು. ಲೈನಿನ ಕಡೆಯಿಂದ ಹೆಂಗಸರ ಗುಲ್ಲು ಎದ್ದಿತು. ಇಲ್ಲಿ ಒಳಗೆ ಮಾತ್ರ, ಕತ್ತಲೆಯಲ್ಲಿ, ಮಾರಮ್ಮ ಸಮಾಧಾನದಿಂದ ಮೂಗು ಒರೆಸಿಕೊಂಡಳು. ಸರಿ ಹಂಗಾದ್ರೆ ಎಂದಳು. ಪೆಟ್ಟಿಗೆಯಿಂದ ಇಳಿದು, ಅದನ್ನು ಮತ್ತೆ ಎಳೆದಿಟ್ಟು, ಬಾಗಿಲು ಹಾಕಿಕೊಂಡು ಹೋದಳು.

ತೋಟಪ್ಪ ಏಳಲು ಬಹಳ ಹೊತ್ತು ಹಿಡಿಯಿತು. ಎದ್ದವನು ಮೊದಲು ಜನರೇಟರ್ ಕೋಣೆಗೆ ಹೋಗಿ ಮೇನ್ ಇಳಿಸಿ ಫ್ಯೂಸು ಕಿತ್ತ. ಹೆದರಿಕೆಯಲ್ಲೂ ಅಭ್ಯಾಸ ತಪ್ಪಲಿಲ್ಲ, ಅಥವಾ ಅಭ್ಯಾಸವೊಂದೇ ಆಗ ಆತನ ಜೊತೆಗಿತ್ತು. ಕರಡಿಗೆಯನ್ನು ಬೆನ್ನಿಗೆ ತಿರುಗಿಸಿ, ಟಾರ್ಚು ಬಾಯಲ್ಲಿ ಕಚ್ಚಿ, ಬಾಕ್ಸಿನ ಬಾಗಿಲು ತೆರೆದ. ಬಾಕ್ಸಿನೊಳಗಿಂದ ಬೆಲ್ಲದ ಕಾಫಿಯ ವಾಸನೆ ಬಂತು.

ಬೆಳಗಿನ ಪರೀಕ್ಷೆಯಲ್ಲಿ ಯಾಕೆ ಏನೂ ಸಿಗುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ತಟ್ಟೆಯ ಮೇಲೆ ಹೊಯ್ದ ಕಾಫಿ ಕೇಬಲ್ಲಿನ ಬೆನ್ನು ಹಿಡಿದು ಹರಿದು, ಬಾಕ್ಸಿನ ನೆತ್ತಿಗೆ ಬಂದು, ಆತ ತುರುಕಿದ್ದ ಬಟ್ಟೆಯನ್ನು ನೆನೆಸಿ, ದೀಪದ ಬತ್ತಿ ಎಣ್ಣೆ ಎಳೆದಂತೆ ಒಳಗೆ ಇಳಿದು ತಂತಿಯ ಬಾಯಿಗೆ ಹನಿಯುತ್ತಿತ್ತು. ಹನಿದ ಕೂಡಲೇ ಸೋರಿಕೆ, ಸೋರಿಕೆಯಾದ ಕೂಡಲೇ ಟಕ್. ಬೆಳಗಾಗುವಷ್ಟರಲ್ಲಿ ಒಣಗಿ ಹೋಗುತ್ತಿತ್ತು. ತೋಟಪ್ಪ ಬಟ್ಟೆಯನ್ನು ಹಿಡಿದು ಎಳೆದ. ಒದ್ದೆಯಾಗಿ, ಮೆತ್ತಗೆ, ಇನ್ನೂ ಬೆಚ್ಚಗೆ ಬಂತು. ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡ.

ಮನೆಗೆ ಬಂದು ಊಟ ಬೇಡ ಎಂದ. ಹೇಳಿದರೆ ಒಂದು ಕಷ್ಟ, ಹೇಳದಿದ್ದರೆ ಇನ್ನೊಂದು. ಇದೆಲ್ಲ ಮಾರಮ್ಮನ ಕೆಲಸ ಎಂದರೆ ಲೈನಿನವರು ಅವಳನ್ನು ಅಂದೇ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ದೇವೀರಪ್ಪ ಬೇರೆ ಯಾರನ್ನಾದರೂ ಕರೆದು ಡೈರೆಕ್ಟ್ ಮಾಡಿಸುತ್ತಾನೆ. ಆಮೇಲೆ ಇವಳು ಬಂದು ಒದ್ದೆ ಕೈಯಲ್ಲಿ ಕಾಫಿ ಹೊಯ್ಯುತ್ತಾಳೆ. ಕಟ್ಟಿದ ಅರ್ತ್ ಒಂದು ಕಡೆ ಸಡಿಲವಾಗಿದ್ದರೂ ಸಾಕು, ತಡೆಯುವ ಸ್ವಿಚ್ಚು ಇರುವುದಿಲ್ಲ. ಇದರ ನಡುವೆ ತನ್ನ ಬಟ್ಟೆಯ ಮರ್ಯಾದೆಯೂ ಇತ್ತು. ಜೋಡು ಟೆಸ್ಟರಿನ ತೋಟಪ್ಪ ಬಾಕ್ಸಿಗೆ ಚಿಂದಿ ತುರುಕಿದ್ದ ಎಂದು ಗೊತ್ತಾದರೆ ಸಂತೆಯಲ್ಲಿ ಓಡಾಡುವುದು ಹೇಗೆ.

ಬೆಳಿಗ್ಗೆ ಮಾರಮ್ಮನ ಮನೆಗೆ ಹೋದ. ಅವಳು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಳು. ನಿನ್ನೆ ಸಂಜೆ ತಾನು ಒಳಗಿದ್ದೆ ಎಂದು ಹೇಳಿಕೊಂಡಾಗ ಅವಳು ಕೊಡಲಿ ಇಳಿಸಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ತೋಟಪ್ಪ ಕಾಫಿ, ಕೇಬಲ್ಲು, ಬತ್ತಿ, ಟ್ರಿಪ್ಪರ್ ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿದಳು.

"ಕಾಫಿ ಹೊಯ್ದ್ರೆ ಬೀಳ್ತದೆ, ಹೊಯ್ಯದಿದ್ರೆ ಬೀಳಲ್ಲ. ಅಷ್ಟು ನಂಗೂ ಗೊತ್ತಲ್ಲಣ್ಣ. ಇದ್ದಾಗ್ಲೂ ಅಷ್ಟೇಯ, ಕಾಫಿ ಕೊಟ್ರೆ ಮಾತು, ಇಲ್ದಿದ್ರೆ ಇಲ್ಲ."

ನೆಲದಲ್ಲೇ ಎಡೆ ಇಡಬಹುದಿತ್ತಲ್ಲ, ಅಷ್ಟು ಎತ್ತರದಲ್ಲಿ ಯಾಕೆ ಎಂದು ತೋಟಪ್ಪ ಕೇಳಿದ. ವರ್ಷ ತುಂಬುವ ಕಾಲ ಬಂತೆಂದು ಕೊಡತೊಡಗಿದೆ, ಜೀವ ಹೋಗಿದ್ದು ಕೈಯಿಂದ, ಕೈ ಇದ್ದದ್ದು ಅಲ್ಲಿ, ಅಲ್ಲೇ ತಾನೇ ಕೊಡಬೇಕು ಎಂದಳು. ಗೊತ್ತಿಲ್ಲದವನಿಗೆ ಹೇಳುವ ದನಿಯಲ್ಲಿ ಹೇಳಿದಳು.

ಕೊನೆಗೆ ಆತ ಚೀಲದಿಂದ ಬಟ್ಟೆಯ ತುಂಡನ್ನು ತೆಗೆದ. ಇದೇ ಅದು, ಇದನ್ನು ನಾನೇ ತುರುಕಿದ್ದು ಎಂದ. ಮಾರಮ್ಮ ಅದನ್ನು ಕೈಗೆ ತೆಗೆದುಕೊಂಡು ಬಿಡಿಸಿದಳು. ಮಸಿ, ಕಾಫಿ ಕಲೆ. ಅಂಚಿನಲ್ಲಿ ಎರಡು ಹಸಿರು ಗೀಟು. ಅವಳ ಹೆಬ್ಬೆರಳು ಆ ಗೀಟಿನ ಮೇಲೆ ಹೋಗಿ ನಿಂತಿತು.

"ಇದು ಅವರ ತಲೆವಸ್ತ್ರ. ಎಲ್ಲಿ ಸಿಕ್ತು?"

ತಟ್ಟೆಯ ಮೇಲಿನ ಸಾಮಾನು ಇಳಿಸುವಾಗ ಕೈಗೆ ಸಿಕ್ಕಿತ್ತು. ಯಾರದೆಂದು ಆತ ನೋಡಿರಲಿಲ್ಲ. ಆ ಬಿಸಿಲಿನಲ್ಲಿ, ಹಿತ್ತಲಿನ ನಡುವೆ ನಿಂತು ತೋಟಪ್ಪ ಕರಡಿಗೆಯನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡ. ಕುಳ್ಳಯ್ಯನಿಗೆಂದು ಹೊಯ್ದ ಕಾಫಿಯನ್ನು ಕುಳ್ಳಯ್ಯನ ತಲೆವಸ್ತ್ರವೇ ಹೀರಿ, ಕೇಳಿದ ಪ್ರಶ್ನೆಗೆಲ್ಲ ಟಕ್ ಎನ್ನಿಸಿತ್ತು. ತಾನು ಇಷ್ಟು ಹೊತ್ತು ಬಿಡಿಸಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ, ಅವಳು ನಂಬಿದ್ದರಲ್ಲೂ ಸುಳ್ಳಿರಲಿಲ್ಲ.

ರೈಟರು ಡೈರೆಕ್ಟ್ ಮಾಡಿಸುತ್ತಾರಂತಲ್ಲ, ಹಾಗಾದರೆ ಏನಾಗುತ್ತದೆ ಎಂದು ಮಾರಮ್ಮ ಬಟ್ಟೆಯಿಂದ ಕಣ್ಣೆತ್ತದೆ ಕೇಳಿದಳು. ಟಕ್ ಅನ್ನುವುದು ನಿಲ್ಲುತ್ತದೆ, ಮುಟ್ಟಿದವರಿಗೆ ಕುಳ್ಳಯ್ಯನಿಗೆ ಆದದ್ದೇ ಆಗಬಹುದು ಎಂದು ತೋಟಪ್ಪ ಹೇಳಿದ. ಅವಳು ಹೆದರುತ್ತಾಳೆ ಎಂದುಕೊಂಡಿದ್ದ. ಅವಳು ಪಲ್ಪರ್ ಮನೆಯ ಕಡೆ ನೋಡಿದಳು, ದೂರದ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುವವರ ಹಾಗೆ. ತೋಟಪ್ಪನಿಗೆ ಅದು ಹಿಡಿಸಲಿಲ್ಲ.

ಅಲ್ಲಿಂದ ನೇರ ಸ್ಟೋರಿನ ಮುಂದೆ ಬಂದ. ದೇವೀರಪ್ಪ ಆಳುಗಳಿಗೆ ಕೆಲಸ ಹಂಚುತ್ತಿದ್ದ, ಲೈನಿನವರೆಲ್ಲ ಇದ್ದರು. ತಲೆವಸ್ತ್ರ ಮಾರಮ್ಮನ ಕೈಯಲ್ಲೇ ಉಳಿದಿತ್ತು, ಅದನ್ನು ಕೇಳುವ ಧೈರ್ಯ ಆತನಿಗಿರಲಿಲ್ಲ. ದಾರಿಯಲ್ಲೇ ತನ್ನ ಹೆಗಲ ಟವೆಲಿನ ತುದಿ ಹರಿದು, ಬೈಕಿನ ಚೈನಿನ ಮಸಿ ಒರೆಸಿ, ಒದ್ದೆ ಮಾಡಿ ತಂದಿದ್ದ. ಎಲ್ಲರೂ ನೋಡುವಂತೆ ಎತ್ತಿ ಹಿಡಿದ. ಕುಳ್ಳಯ್ಯ ಬಂದಿಲ್ಲ, ಯಾರೂ ಬಂದಿಲ್ಲ, ನಾನು ಗ್ಲ್ಯಾಂಡ್ ಹಾಕುವ ಬದಲು ಇದನ್ನು ತುರುಕಿದ್ದೆ, ಇಬ್ಬನಿ ಹಿಡಿದು ನೀರು ಒಳಗೆ ಹೋಗುತ್ತಿತ್ತು, ತಪ್ಪೆಲ್ಲ ನನ್ನದೇ ಎಂದ. ಮೊಳೆ ಹೊಡೆಯಬೇಕಾದರೆ ನನಗೇ ಹೊಡೆಯಿರಿ ಎಂದೂ ಸೇರಿಸಿದ. ಗಂಗಾಮಣಿಗೆ ಬಹಳ ನಿರಾಶೆಯಾಯಿತು. ಕೆಮ್ಮಿದ್ದು ಯಾರು ಹಾಗಾದರೆ ಎಂದು ಕೇಳಿದಳು. ನಾನೇ, ಗಂಟಲು ಕೆಟ್ಟಿತ್ತು ಎಂದ ತೋಟಪ್ಪ. ಕೆಮ್ಮು ಕೇಳಿದ್ದು ಹೋದ ತಿಂಗಳು ಎಂಬುದು ಯಾರಿಗೂ ನೆನಪಾಗಲಿಲ್ಲ.

ದೇವೀರಪ್ಪ ನೇರ ಪಲ್ಪರ್ ಮನೆಗೆ ನಡೆದ. ಬಾಕ್ಸಿನ ನೆತ್ತಿ ನೋಡಿದ, ಮರದ ಪೆಟ್ಟಿಗೆ ನೋಡಿದ, ಅದರ ಮೇಲೆ ಹತ್ತಿ ತಟ್ಟೆಯ ಮೇಲೆ ಕಣ್ಣಾಡಿಸಿದ. ಕುಳ್ಳಯ್ಯನ ಕೈ ಹಿಡಿದ ಜಾಗದಿಂದ ಬಾಕ್ಸಿನವರೆಗೆ ಕೆಂಪಿರುವೆಯ ಸಾಲು ಹೊರಟಿತ್ತು. ಇಳಿದು ಬಂದು, ಹಿಂದೆಯೇ ಬಂದಿದ್ದ ತೋಟಪ್ಪನನ್ನು ದನಿ ತಗ್ಗಿಸಿ ಕೇಳಿದ.

"ಇಬ್ಬನಿಗೆ ಇರುವೆ ಮುತ್ತುತದೇನೋ, ಮಾರಾಯ?"

"ಈ ವರ್ಷ ಮುತ್ತುತಾ ಅವೆ, ರೈಟ್ರೆ."

ಎಸ್ಟೇಟಿನಲ್ಲಿ ಯಾರ ಒಲೆಯಲ್ಲಿ ಬೆಲ್ಲದ ಕಾಫಿ ಕುದಿಯುತ್ತದೆ ಎಂಬುದು ದೇವೀರಪ್ಪನಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಎದೆನೋವು ಎಂದು ಹೇಳಿಕೆ ಕೊಟ್ಟವರಲ್ಲಿ ತಾನೂ ಒಬ್ಬ ಎಂಬುದೂ ಮರೆತಿರಲಿಕ್ಕಿಲ್ಲ. ಮಂತ್ರವಾದಿಗೆ ಬರಬೇಡ ಎಂದು ಫೋನು ಮಾಡುತ್ತೇನೆ, ಹಣ್ಣು ಬರುವ ಮೊದಲು ಎಲ್ಲ ಸರಿಯಾಗಬೇಕು, ನಿನ್ನ ತಪ್ಪಿಗೆ ನಿನ್ನದೇ ಕೂಲಿ ಎಂದು ಹೇಳಿ ಹೊರಟ. ತೋಟಪ್ಪ ಒಪ್ಪಿದ.

ಈ ಸಲ ಸದ್ಯಕ್ಕೆ ಎಂಬ ಮಾತೇ ಬರಲಿಲ್ಲ. ಸಕಲೇಶಪುರಕ್ಕೆ ತಾನೇ ಹೋಗಿ ಅಳತೆ ಹಿಡಿದು ಗ್ಲ್ಯಾಂಡ್ ತಂದ. ಬಾಕ್ಸನ್ನು ಆ ಗೋಡೆಯಿಂದ ಬಿಚ್ಚಿ, ನೀರು ತಾಗದ ಒಣ ಗೋಡೆಗೆ ಎದೆಯೆತ್ತರದಲ್ಲಿ ಕೂರಿಸಿದ. ಕೇಬಲ್ಲುಗಳನ್ನು ಬಾಕ್ಸಿಗಿಂತ ಕೆಳಗಿಳಿಸಿ, ಕೊಕ್ಕೆಯಂತೆ ಬಾಗಿಸಿ, ಅಡಿಯಿಂದ ಮೇಲಕ್ಕೆ ಹತ್ತಿಸಿದ. ನೀರು ಬಂದರೂ ಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳಬೇಕು. ಅರ್ತಿನ ಒಂದೊಂದು ಬೋಲ್ಟನ್ನೂ ಬಿಚ್ಚಿ, ಉಜ್ಜಿ, ಮತ್ತೆ ಬಿಗಿದ. ತಟ್ಟೆಯ ಉದ್ದಕ್ಕೂ ಮನೆಯ ಮಾಡಿನಂತೆ ಇಳಿಜಾರಾದ ಮುಚ್ಚಳ ಹಾಕಿದ. ಅದರ ಮೇಲೆ ಏನಿಟ್ಟರೂ ಜಾರುತ್ತದೆ, ಏನು ಹೊಯ್ದರೂ ಹೊರಗೆ ಹೋಗುತ್ತದೆ. ಕುಳ್ಳಯ್ಯನ ಜಾಗಕ್ಕೆ ಮುಚ್ಚಳ ಬಂದಾಗ ಆತನ ಸ್ಕ್ರೂಡ್ರೈವರ್ ಸ್ವಲ್ಪ ಹೊತ್ತು ನಿಂತಿತು. ಒಂದು ಬಾಗಿಲನ್ನು ಯಾರದೋ ಮುಖದ ಮೇಲೆ ಹಾಕಿದಂತೆನಿಸಿತು. ಆಮೇಲೆ ಬಿಗಿದ.

ಸುದ್ದಿ ಆತನಿಗಿಂತ ಮೊದಲು ಹಾನುಬಾಳಿನ ಬಸ್‌ಸ್ಟ್ಯಾಂಡ್ ತಲುಪಿತ್ತು. ಚಹಾ ಅಂಗಡಿಯಲ್ಲಿ ಕೈ ಒರೆಸಲು ಬಟ್ಟೆ ಕೇಳಿದರೆ, ಕೊಡ್ತೀನಿ ಆದರೆ ಎಲ್ಲಿಗೂ ತುರುಕಬಾರದು ಎಂದರು. ಎರಡು ಎಸ್ಟೇಟಿನವರು ಆ ವರ್ಷ ಕರೆಯಲಿಲ್ಲ. ಶಿವಲೀಲಾ ಮಾತ್ರ, ಯಾರೂ ಹೇಳದೆ, ಮನೆಯ ಹಳೇ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಆತನ ಕೈಗೆ ಸಿಗದಂತೆ ಮೇಲಿಟ್ಟಳು. ಅದು ತಮಾಷೆಯೋ ಅಲ್ಲವೋ ಎಂದು ಕೇಳಲು ಆತ ಹೋಗಲಿಲ್ಲ.

ಕೊಯ್ಲು ಶುರುವಾದ ಸಂಜೆ ತೋಟಪ್ಪ ಜೇನುಗದ್ದೆಗೆ ಬಂದ. ಭಾರ ಬಿದ್ದಾಗ ಬಾಕ್ಸು ಬಿಸಿಯಾಗುತ್ತದೆಯೇ ಎಂದು ಹೊರಗಿನಿಂದ ಕೈಯ ಹಿಂಬದಿ ತಾಗಿಸಿ ನೋಡಬೇಕಿತ್ತು. ಹಣ್ಣು ಸುರಿಯುತ್ತಿತ್ತು, ಮೋಟರು ಓಡುತ್ತಿತ್ತು, ಆಳುಗಳು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ ಒಳಗೆ ಬಂದಿದ್ದರು. ದೀಪ ಹಚ್ಚುವ ಹೊತ್ತಾದಾಗ ಎಲ್ಲರ ಕಿವಿಯೂ ಬಾಕ್ಸಿನ ಕಡೆಗಿತ್ತು. ಹೊತ್ತು ದಾಟಿತು. ಏನೂ ಬೀಳಲಿಲ್ಲ. ಯಾರೋ ನಕ್ಕರು, ಉಳಿದವರೂ ನಕ್ಕರು.

ತೋಟಪ್ಪನಿಗೆ ನಗು ಬರಲಿಲ್ಲ. ಆತ ಇನ್ನೂ ಕಾಯುತ್ತಿದ್ದ. ಮುಚ್ಚಳದ ಕೆಳಗೆ, ತಗಡಿನ ಒಳಗಡೆ, ಒಬ್ಬ ಮಾತು ನಿಲ್ಲಿಸಿ ಕೂತಿದ್ದಾನೆ ಎಂಬುದು ಆ ಶೆಡ್ಡಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇನ್ನೊಬ್ಬಳು ಬಾಗಿಲಲ್ಲಿ ನಿಂತಿದ್ದಳು, ಕೈ ಖಾಲಿ. ಮುಚ್ಚಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಆತನ ಬಳಿ ಬಂದಳು.

ಅವತ್ತು ಎರಡು ಪ್ರಶ್ನೆ ಕೇಳಿದ್ದಕ್ಕೆ ಒಂದೇ ಟಕ್ ಬಂತಲ್ಲ, ಅದರ ಅರ್ಥ ನಿನಗೆ ಹೇಗೆ ಗೊತ್ತಾಯಿತು ಎಂದು ತೋಟಪ್ಪ ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಕೇಳಿದ. ಎರಡೂ ಬೇಡ ಅಂದರು, ಅಷ್ಟು ಕಾಲ ಸಂಸಾರ ಮಾಡಿದವಳಿಗೆ ಗೊತ್ತಾಗುವುದಿಲ್ಲವೇ ಎಂದಳು ಮಾರಮ್ಮ. ಆಮೇಲೆ ಹಣ್ಣು ಬೀಳುವುದನ್ನು ನೋಡುತ್ತ ಕೇಳಿದಳು.

"ಇಲ್ಲೇ ಬೀಜ ತೊಳೆಯೋ ಕೆಲ್ಸಕ್ಕೆ ಬಾ ಅಂತವ್ರೆ ರೈಟ್ರು. ಬೇರೆ ಯಾರೂ ಒಪ್ತಿಲ್ವಂತೆ. ಅವ್ರನ್ನ ಕೇಳಾಣ ಅಂದ್ರೆ ನೀವು ಅವ್ರ ಬಾಯಿ ಮುಚ್ಚುಬುಟ್ರಿ. ನೀವೇ ಹೇಳಿ, ಸೇರ್ಕಳ್ಲಾ?"

ತೋಟಪ್ಪ ತಲೆಯೆತ್ತಿದ. ಅವಳು ಸುಮ್ಮನೆ ಮಾತಿಗೆ ಕೇಳಿರಲಿಲ್ಲ. ಪೆಟ್ಟಿಗೆ ಹತ್ತಿ ಕೇಳುತ್ತಿದ್ದ ದನಿಯಲ್ಲೇ ಕೇಳಿದ್ದಳು, ಹಾಗೆಯೇ ಕಾಯುತ್ತ ನಿಂತಿದ್ದಳು. ಬದುಕಿರುವವನಿಗೆ ಇಂಥ ಪ್ರಶ್ನೆ ಎಷ್ಟು ಭಾರ ಎಂಬುದು ಆತನಿಗೆ ಆಗ ತಿಳಿಯಿತು. ಬೇಡ ಎಂದರೆ ಅವಳಿಗೆ ಹೊಟ್ಟೆಪಾಡು. ಸೇರು ಎಂದರೆ ದಿನವೂ ಆ ಗೋಡೆಯ ಕೆಳಗೇ ನಿಲ್ಲಬೇಕು. ಬಾಕ್ಸಿನ ಕಡೆ ನೋಡಿದ, ಅಲ್ಲಿಂದ ಸಹಾಯವಿರಲಿಲ್ಲ. ಅರ್ತಿನ ಬೋಲ್ಟುಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಒಂದೊಂದಾಗಿ ಬಿಗಿದು ನೋಡಿದ. ಮೋಟರಿನ ಸದ್ದು ಎದೆಯೊಳಗೆ ಓಡುತ್ತಿತ್ತು.

ಸೇರಿಕೋ ಕಣಮ್ಮ, ಏನೂ ಆಗುವುದಿಲ್ಲ ಎಂದ ಕೊನೆಗೆ.

ಮಾರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯ ಕಡೆ ತಿರುಗಿದಳು.

"ಅವ್ರು ಹೇಳೋಕೆ ಇಷ್ಟೊತ್ತು ತಕಳ್ತಿರ್ಲಿಲ್ಲ ಕಣಣ್ಣ."